ಪರದೆಯ ಹಿಂದೆ ಯಾವ ದೀಪ?

ದೊಡ್ಡ ಪರದೆಯ ಟಿ.ವಿ. ಕೊಳ್ಳಲು ಹೋದವರು ಮೊದಲು ಚಿತ್ರ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಒಳಗೆ ಉರಿಯುವ ದೀಪ ಯಾವುದು, ಅದು ಕೆಟ್ಟರೆ ಇನ್ನೊಂದು ಎಲ್ಲಿ ಸಿಗುತ್ತದೆ ಎಂಬ ವಿಚಾರ ಬರುವುದು ಪರದೆ ಕಪ್ಪಾದ ದಿನ. ಹಿಂದಿನಿಂದ ಬೆಳಕು ಚೆಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ರಿಯರ್ ಪ್ರೊಜೆಕ್ಷನ್ ಟಿ.ವಿ.ಗಳ ಗುಣದೋಷ ತೂಗಬೇಕಾದರೆ ದೀಪದಿಂದಲೇ ಶುರು ಮಾಡಬೇಕು.

ಈ ಟಿ.ವಿ.ಗಳ ಕಾಲ ಮುಗಿದಿದೆ. ಸೋನಿ 2007ರ ಕೊನೆಯಲ್ಲಿ ಇವುಗಳಿಂದ ಹಿಂದೆ ಸರಿಯುವುದಾಗಿ ಹೇಳಿತು. ಕೊನೆಯವರೆಗೆ ಉಳಿದಿದ್ದ ಮಿತ್ಸುಬಿಷಿ 2012ರಲ್ಲಿ ಕೈಬಿಟ್ಟಿತು. ಆದರೆ ಅವು ಎಬ್ಬಿಸಿದ ಪ್ರಶ್ನೆ ಮುಗಿದಿಲ್ಲ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಶಾಲೆಯ ಸ್ಮಾರ್ಟ್ ಕ್ಲಾಸಿಗೋ ಸಮುದಾಯ ಭವನಕ್ಕೋ ಪ್ರೊಜೆಕ್ಟರ್ ತರಲು ಹೊರಟವರ ಮುಂದೆಯೂ ಅದೇ ಪ್ರಶ್ನೆ ಇದೆ: ಲ್ಯಾಂಪೋ, ಎಲ್‌ಇಡಿಯೋ?

ಎರಡರ ಒಳರಚನೆಯೂ ಬಹುಮಟ್ಟಿಗೆ ಒಂದೇ. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ರೂಪಿಸಿದ ಚಿಪ್ಪಿನ ಮೇಲೆ ಲಕ್ಷಾಂತರ ಪುಟ್ಟ ಕನ್ನಡಿಗಳಿರುತ್ತವೆ. ಅವು ಓಲಾಡಿ ಬೆಳಕನ್ನು ಮಸೂರದತ್ತ ತಿರುಗಿಸುತ್ತವೆ, ಇಲ್ಲವೇ ಪಕ್ಕಕ್ಕೆ ಸರಿಸುತ್ತವೆ. ಡಿಎಲ್‌ಪಿ ಎಂದು ಹೆಸರಾದದ್ದು ಈ ತಂತ್ರ. ವ್ಯತ್ಯಾಸವಿರುವುದು ಬೆಳಕಿನ ಮೂಲದಲ್ಲಿ.

ಲ್ಯಾಂಪ್ ಎಂದರೆ ಮನೆಯ ಬಲ್ಬಿನಂಥದ್ದಲ್ಲ. ಫಿಲಿಪ್ಸ್ 1995ರಲ್ಲಿ ಹೊರತಂದ ಯುಎಚ್‌ಪಿ ಬಗೆಯ ದೀಪದಲ್ಲಿ ಪಾದರಸದ ಆವಿ ಸುಮಾರು 200 ಪಟ್ಟು ವಾಯುಭಾರದ ಒತ್ತಡದಲ್ಲಿ ಉರಿಯುತ್ತದೆ. ಬೆಳಕು ಧಾರಾಳ, ಅದೇ ಅದರ ದೊಡ್ಡ ಗುಣ. ಆ ಬಿಳಿ ಬೆಳಕಿನಿಂದ ಬಣ್ಣ ತೆಗೆಯಲು ಸಾಮಾನ್ಯ ಡಿಎಲ್‌ಪಿ ಸೆಟ್ಟಿನಲ್ಲಿ ಕೆಂಪು, ಹಸಿರು, ನೀಲಿ ಗಾಜಿನ ಚಕ್ರವೊಂದು ಸತತವಾಗಿ ತಿರುಗುತ್ತಿರಬೇಕು. ಕಣ್ಣು ಸರ್ರನೆ ಹೊರಳಿಸಿದಾಗ ಕೆಲವರಿಗೆ ಚಿತ್ರದ ಅಂಚಿನಲ್ಲಿ ಬಣ್ಣ ಒಡೆದಂತೆ ಕಾಣುವುದು ಈ ಚಕ್ರದಿಂದಲೇ. ಹಚ್ಚಿದ ಕೂಡಲೇ ಪೂರ್ತಿ ಬೆಳಕು ಬರುವುದಿಲ್ಲ. ಆರಿಸಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ಓಡಿ ದೀಪ ತಣಿಸಬೇಕು. ಕಂಪನಿ ಹೇಳುವ ಆಯಸ್ಸು ಮುಗಿಯುವ ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿದಿರುತ್ತದೆ.

2006ರಲ್ಲಿ ಸ್ಯಾಮ್‌ಸಂಗ್ 56 ಇಂಚಿನ ಸೆಟ್ಟೊಂದರಲ್ಲಿ ಲ್ಯಾಂಪ್ ತೆಗೆದು, ಲುಮಿನಸ್ ಡಿವೈಸಸ್ ಕಂಪನಿಯ ಎಲ್‌ಇಡಿಗಳನ್ನು ಕೂರಿಸಿತು. ಕೆಂಪು, ಹಸಿರು, ನೀಲಿ ದೀಪಗಳೇ ಒಂದರ ಹಿಂದೊಂದು ಮಿಂಚುವುದರಿಂದ ಚಕ್ರ ಬೇಡವಾಯಿತು. ಬಣ್ಣಗಳು ಇನ್ನಷ್ಟು ತುಂಬಿಕೊಂಡವು, ಪರದೆ ಬೇಗ ಬೆಳಗಿತು, ಪಾದರಸದ ದೀಪ ಬದಲಿಸುವ ಗೊಡವೆ ಹೋಯಿತು. ಹೊಳಪಿನಲ್ಲಿ ಮಾತ್ರ ಒಳ್ಳೆಯ ಲ್ಯಾಂಪ್ ಸೆಟ್ಟು ಮುಂದಿತ್ತು. ಎಲ್‌ಇಡಿಗೆ ಇನ್ನೊಂದು ಕೊರತೆಯೂ ಇದೆ. ಲ್ಯಾಂಪ್ ಹೋದರೆ ಮನೆಯವರೇ ಹೊಸದು ಹಾಕಿಕೊಳ್ಳಬಹುದು. ಎಲ್‌ಇಡಿ ಅಥವಾ ಅದರ ಸರ್ಕಿಟ್ ಕೆಟ್ಟರೆ ಕೆಲವೊಮ್ಮೆ ಬೆಳಕಿನ ಇಡೀ ಘಟಕವನ್ನೇ ಬದಲಿಸಬೇಕು.

ತಂಪು ಕೋಣೆ, ಕಡಿಯದ ಕರೆಂಟು ಇರುವಲ್ಲಿ ಈ ಹೋಲಿಕೆ ಸಮಸಮವಾಗಿ ನಿಂತೀತು. ಈ ನಾಲ್ಕು ಊರುಗಳಲ್ಲಿ ನಿಲ್ಲುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಉರಿಯುತ್ತಿದ್ದಾಗಲೇ ಕರೆಂಟು ಹೋದರೆ ಲ್ಯಾಂಪಿನ ಜೊತೆಗೆ ಫ್ಯಾನೂ ನಿಲ್ಲುತ್ತದೆ, ಕಾದ ದೀಪದ ಬಿಸಿ ಒಳಗೇ ಉಳಿಯುತ್ತದೆ. ಕರೆಂಟು ತಕ್ಷಣ ಬಂದರೂ, ಕಾದ ಲ್ಯಾಂಪ್ ತಣಿಯುವವರೆಗೆ ಮತ್ತೆ ಹೊತ್ತುವುದಿಲ್ಲ. ಪಾಠದ ನಲವತ್ತು ನಿಮಿಷದಲ್ಲಿ ಇದು ಸಣ್ಣ ನಷ್ಟವಲ್ಲ. ರಬಕವಿ-ಬನಹಟ್ಟಿಯಲ್ಲಿ ಮನೆಯೊಳಗೇ ಮಗ್ಗ ನಡೆಸುವ ನೇಕಾರರು ಬಹಳ. ನೂಲಿನ ನವುರಾದ ಧೂಳು ಜಾಲರಿಗೆ ಮೆತ್ತಿಕೊಂಡರೆ ಗಾಳಿ ಆಡದೆ ಲ್ಯಾಂಪ್ ಬೇಗ ಸಾಯುತ್ತದೆ. ಎಲ್‌ಇಡಿಗೂ ಫ್ಯಾನ್ ಬೇಕು, ಜಾಲರಿ ಒರೆಸಲೇಬೇಕು. ಆದರೆ ಕರೆಂಟು ಹೋಗಿ ಬರುವುದನ್ನು ಅದು ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತದೆ.

ಕೂರುವ ರೀತಿಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ರಿಯರ್ ಪ್ರೊಜೆಕ್ಷನ್ ಪರದೆ ಬೆಳಕನ್ನು ಎಡಬಲಕ್ಕೆ ಹರಡಿದಷ್ಟು ಮೇಲೆ ಕೆಳಗೆ ಹರಡುವುದಿಲ್ಲ. ಸೋಫಾದ ಮೇಲೆ ಕೂತವರ ಕಣ್ಣಿನ ಎತ್ತರಕ್ಕೆ ಹೊಂದುವ ಪರದೆ ಅದು. ಚಾಪೆಯ ಮೇಲೆ ಕೂತ ಮಕ್ಕಳಿಗೆ, ಜಮಖಾನೆ ಹಾಸಿ ಕೂತ ಓಣಿಯ ಜನಕ್ಕೆ ಅದೇ ಚಿತ್ರ ಮಂಕಾಗಿ ಕಾಣುತ್ತದೆ. ದೀಪ ಯಾವುದೇ ಇರಲಿ, ಈ ದೋಷ ತಪ್ಪುವುದಿಲ್ಲ.

ಇನ್ನು ಗಂಟೆಗಳ ಲೆಕ್ಕ. ದಿನಕ್ಕೆ ಆರು ತಾಸು ಟಿ.ವಿ. ಹಚ್ಚುವ ಮನೆಯಲ್ಲಿ ವರ್ಷಕ್ಕೆ 2,190 ತಾಸು ಆಗುತ್ತದೆ. 4,000 ತಾಸಿನ ಲ್ಯಾಂಪ್ ಎರಡು ವರ್ಷವೂ ಬಾರದು. ಶಾಲೆಯ ಲೆಕ್ಕ ಬೇರೆ: ದಿನಕ್ಕೆ ನಾಲ್ಕು ತಾಸು, ವರ್ಷಕ್ಕೆ 220 ದಿನ ಎಂದರೆ 880 ತಾಸು, ಅದೇ ಲ್ಯಾಂಪ್ ನಾಲ್ಕೂವರೆ ವರ್ಷ ಬರಬೇಕು. ಹಾಗಾಗಿ ಶಾಲೆಗೆ ಕಷ್ಟ ಕೊಡುವುದು ಲ್ಯಾಂಪಿನ ಆಯಸ್ಸಲ್ಲ. ಐದನೆಯ ವರ್ಷ ಆ ಮಾಡೆಲ್‌ನ ಲ್ಯಾಂಪ್ ಬಾಗಲಕೋಟೆಯಲ್ಲಿ, ಹುಬ್ಬಳ್ಳಿಯಲ್ಲಿ ಸಿಗದೇ ಹೋಗುವುದು. 20,000 ತಾಸಿನ ಎಲ್‌ಇಡಿ ಇದ್ದರೆ ದೀಪಕ್ಕಿಂತ ಮೊದಲು ಉಳಿದ ಭಾಗಗಳೇ ಹಳತಾಗುತ್ತವೆ.

ಯಂತ್ರದಷ್ಟೇ ದುರಸ್ತಿಯೂ ಮುಖ್ಯ ಎಂಬುದಕ್ಕೆ ಈ ಭಾಗದಲ್ಲೇ ಉದಾಹರಣೆಯಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ನಾಸಾ ಸೇರಿ ನಡೆಸಿದ 'ಸೈಟ್' ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ತಲುಪಿಸಿತು. ಕರ್ನಾಟಕದಲ್ಲಿ ಆರಿಸಿದ್ದು ವಿಜಾಪುರ, ಕಲಬುರಗಿ, ರಾಯಚೂರು ಜಿಲ್ಲೆಗಳನ್ನು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಗುವವರೆಗೆ ಈ ನಾಲ್ಕೂ ಊರುಗಳು ವಿಜಾಪುರ ಜಿಲ್ಲೆಯಲ್ಲೇ ಇದ್ದವು. ಅಂದಿನ ಸೆಟ್ಟು ಕಪ್ಪು-ಬಿಳುಪಿನದು, ಆಂಟೆನಾ ತಂತಿಜಾಲರಿಯದು. ಆದರೂ ಪ್ರಯೋಗ ನಡೆದದ್ದು ದುರಸ್ತಿಯವರನ್ನೂ ಬಿಡಿಭಾಗಗಳನ್ನೂ ಮೊದಲೇ ಸಿದ್ಧ ಮಾಡಿಕೊಂಡಿದ್ದರಿಂದ. ಇಂದಿನ ಖರೀದಿಗಳು ಕಲಿಯಬೇಕಾದ ಪಾಠ ಇದು.

ಇಷ್ಟನ್ನೆಲ್ಲ ತೂಗಿದರೆ ಈ ಭಾಗಕ್ಕೆ ಎಲ್‌ಇಡಿಯೇ ಮೇಲು. ಮನೆಗೆ ಮತ್ತು ಸಣ್ಣ ತರಗತಿಗೆ ಪ್ರೊಜೆಕ್ಷನ್ನೇ ಬೇಡ. 55 ಅಥವಾ 65 ಇಂಚಿನ ಚಪ್ಪಟೆ ಎಲ್‌ಇಡಿ ಟಿ.ವಿ. ಹಗಲಿನಲ್ಲೂ ಚೆನ್ನಾಗಿ ಕಾಣುತ್ತದೆ, ನೆಲದ ಮೇಲೆ ಕೂತವರಿಗೂ ಪರವಾಗಿಲ್ಲ. ಕಿಟಕಿ ಮುಚ್ಚಬಹುದಾದ ಭವನಕ್ಕೆ ಎಲ್‌ಇಡಿ ಅಥವಾ ಲೇಸರ್ ಪ್ರೊಜೆಕ್ಟರ್ ಸರಿ. ಅಗ್ಗದ ಎಲ್‌ಇಡಿ ಪ್ರೊಜೆಕ್ಟರುಗಳ ಡಬ್ಬಿಯ ಮೇಲಿನ ಹೊಳಪಿನ ಅಂಕಿಗಳನ್ನು ಮಾತ್ರ ನಂಬಬಾರದು, ಅದೇ ಭವನದಲ್ಲಿ ಹಗಲು ಹಚ್ಚಿ ನೋಡಬೇಕು. ಹೊಳಪೇ ಮುಖ್ಯವಾಗಿ, ವರ್ಷಕ್ಕೆ ನಾಲ್ಕಾರು ಕಾರ್ಯಕ್ರಮಗಳಷ್ಟೇ ಇದ್ದರೆ ಲ್ಯಾಂಪ್ ಪ್ರೊಜೆಕ್ಟರನ್ನೂ ಒಪ್ಪಬಹುದು. ಜೊತೆಗೆ ಯುಪಿಎಸ್ ಮತ್ತು ಒಂದು ಹೆಚ್ಚುವರಿ ಲ್ಯಾಂಪ್ ಇರಲೇಬೇಕು.

ಶಾಲೆಯ ಎಸ್‌ಡಿಎಂಸಿಯಾಗಲಿ ಭವನದ ಸಮಿತಿಯಾಗಲಿ ಕೊಟೇಶನ್ ಕರೆಯುವಾಗ ಮೂರು ಸಂಗತಿ ಬರೆಸಿಕೊಳ್ಳಬೇಕು: ದೀಪ ಅಥವಾ ಬೆಳಕಿನ ಘಟಕದ ಇಂದಿನ ಬೆಲೆ, ಎಷ್ಟು ವರ್ಷ ಅದನ್ನು ಒದಗಿಸುತ್ತಾರೆ, ಕೆಟ್ಟರೆ ಯಾವ ಊರಿನಿಂದ ಎಷ್ಟು ದಿನದಲ್ಲಿ ಮೆಕ್ಯಾನಿಕ್ ಬರುತ್ತಾನೆ. ಈ ಮೂರಕ್ಕೂ ಲಿಖಿತ ಉತ್ತರ ಕೊಡದ ಅಂಗಡಿಯ ಕೊಟೇಶನ್ ಎಲ್ಲಕ್ಕಿಂತ ಕಡಿಮೆಯದಾಗಿದ್ದರೂ ಅದನ್ನು ಬದಿಗಿಡಬೇಕು.