ಬಾನೆಟ್ ಎತ್ತುವ ಮೊದಲು

'ಮನೆಯಲ್ಲೇ ಕಾರ್ ರಿಪೇರಿ' ವಿಡಿಯೋಗಳನ್ನು ನಾನು ಬೇಕಾದಷ್ಟು ನೋಡಿದ್ದೀನಿ. ನನ್ನ ತಕರಾರು ಒಂದೇ. ಅವೆಲ್ಲ ಕೊನೆಯ ಪುಟದಿಂದ ಶುರುವಾಗುತ್ತವೆ. ಯಾವ ಪಾರ್ಟ್ ಕೆಟ್ಟಿದೆ ಅಂತ ವಿಡಿಯೋ ಮಾಡುವವನಿಗೆ ಮೊದಲೇ ಗೊತ್ತು, ಹೊಸದು ಪಕ್ಕದಲ್ಲೇ ರೆಡಿ ಇರುತ್ತೆ. ರಸ್ತೆ ಬದಿ ನಿಂತವನಿಗೆ ಬೇಕಿರೋದು ಹೇಗೆ ಬಿಚ್ಚೋದು ಅಂತಲ್ಲ, ಏನನ್ನು ಬಿಚ್ಚಬೇಕು ಅಂತ.

ಮೇ ತಿಂಗಳಲ್ಲಿ ಬಾದಾಮಿಯ ಗುಹೆಗಳನ್ನು ನೋಡಿ ಇಳಿದು ಬಂದು ಕೀ ತಿರುಗಿಸಿದೆ. 'ಟಕ್' ಅಂತ ಒಂದೇ ಸದ್ದು, ಆಮೇಲೆ ಏನೂ ಇಲ್ಲ. ನಾನು ನೋಡಿದ ವಿಡಿಯೋ ಪ್ರಕಾರ ಬ್ಯಾಟರಿ ಸತ್ತಿದೆ, ಹೊಸದು ಹಾಕಿ. ಪಕ್ಕದಲ್ಲಿದ್ದ ಟೆಂಪೋ ಡ್ರೈವರ್ ಬಂದು, "ಒಳಗಿನ ಲೈಟ್ ಹಚ್ಚಿ ಚಾವಿ ತಿರುವ್ರಿ ಸರ" ಅಂದ. ಚೆನ್ನಾಗಿ ಉರಿಯುತ್ತಿದ್ದ ಲೈಟು ಕೀ ತಿರುಗಿಸಿದ್ದೇ ತಡ ಪೂರ್ತಿ ಆರಿಹೋಯಿತು. "ಬ್ಯಾಟರಿ ಚಲೋ ಐತ್ರಿ, ಕರೆಂಟ್ ಹೋಗೂ ದಾರಿನ ಕಟ್ಟೈತಿ."

ಬಾನೆಟ್ ಎತ್ತಿದರೆ ಟರ್ಮಿನಲ್ ಮೇಲೆ ಬಿಳಿ-ಹಸಿರು ಉಪ್ಪು, ಕ್ಲ್ಯಾಂಪ್ ಕೈಯಲ್ಲೇ ತಿರುಗುವಷ್ಟು ಸಡಿಲ. ಒಳಗಿನ ಬಲ್ಬಿಗೆ ಒಂದು ಆಂಪ್ ಕೂಡ ಬೇಡ, ಸ್ಟಾರ್ಟರಿಗೆ ನೂರಕ್ಕೂ ಹೆಚ್ಚು ಬೇಕು. ಆ ಉಪ್ಪಿನ ಪದರ ದಾಟಿ ಅಷ್ಟು ಕರೆಂಟು ಹೋಗಲ್ಲ. ಹತ್ತರ ಪಾನಾ ತಗೊಂಡು ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ, ಎಮರಿ ಪೇಪರಿನಲ್ಲಿ ತಿಕ್ಕಿ ಬಿಗಿದ. ಗಾಡಿ ಸ್ಟಾರ್ಟ್! ಹೊಸ ಬ್ಯಾಟರಿಯ ದುಡ್ಡು ಉಳೀತು.

ವಿಡಿಯೋಗಳಿಂದ ಉಪಯೋಗವೇ ಇಲ್ಲ ಅಂತಲ್ಲ. ವೈಪರ್, ಬಲ್ಬ್, ಏರ್ ಫಿಲ್ಟರ್ ಹಾಕೋದನ್ನು ನಾನು ಕಲಿತಿದ್ದು ಅಲ್ಲೇ. (ಇಳಕಲ್ ಕಡೆಯ ಕಲ್ಲಿನ ಧೂಳಿನಲ್ಲಿ ಓಡಾಡುವವರು ಫಿಲ್ಟರನ್ನು ಕಂಪನಿ ಹೇಳಿದ್ದಕ್ಕಿಂತ ಬೇಗ ನೋಡಿಕೊಳ್ಳಿ.) ಆದರೆ ಎಲ್ಲಿ ಕೈ ಹಾಕಬಾರದು ಅನ್ನೋದನ್ನು ಅವು ಹೇಳಲ್ಲ. ನನಗೆ ಸಿಟ್ಟು ಬರೋದು ಅಲ್ಲೇ.

ಮುಂದಿನ ಬೇಸಿಗೆ, ಎನ್‌ಎಚ್ 50ರಲ್ಲಿ ಹುನಗುಂದ ದಾಟಿ ಇಳಕಲ್ ಹತ್ತಿರ, ಗ್ರಾನೈಟ್ ಲಾರಿಗಳ ಹಿಂದೆ ಆಮೆ ನಡಿಗೆಯಲ್ಲಿ ಹೋಗ್ತಿದ್ವಿ. ಟೆಂಪರೇಚರ್ ಮುಳ್ಳು ಮೇಲಕ್ಕೇರಿತು. ರೇಡಿಯೇಟರ್ ಮುಚ್ಚಳ ತೆಗೆದು ನೀರು ಹಾಕೋ ವಿಡಿಯೋ ತಲೆಯಲ್ಲಿತ್ತು. ಬಟ್ಟೆ ಹಿಡಿದು ಬಗ್ಗಿದೆ.

"ಏ ತಮ್ಮಾ, ಮುಚ್ಚಳ ಮುಟ್ಟಬ್ಯಾಡ!" ಕಾಕಾ ಹಿಂದಿನಿಂದ ರಟ್ಟೆ ಹಿಡಿದು ಎಳೆದರು.

ಒಳಗೆ ಒತ್ತಡ ಇರೋದರಿಂದ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತೆ. ಮುಚ್ಚಳ ಸಡಿಲಿಸಿದ ಕ್ಷಣ ಅದೆಲ್ಲ ಆವಿಯಾಗಿ ಮುಖಕ್ಕೇ ಚಿಮ್ಮುತ್ತೆ. ವಿಡಿಯೋದಲ್ಲಿದ್ದ ಎಂಜಿನ್ ತಣ್ಣಗಿತ್ತು. ಆ ಪುಣ್ಯಾತ್ಮ ಅದೊಂದು ಮಾತು ಹೇಳಿರಲಿಲ್ಲ.

ಒಂದು ತಾಸು ಕಾದ್ವಿ. ಕೂಲಂಟ್ ಕಮ್ಮಿಯೇನೂ ಆಗಿರಲಿಲ್ಲ. ಎಸಿ ಹಾಕಿದರೂ ಫ್ಯಾನ್ ತಿರುಗಲಿಲ್ಲ, ಫ್ಯೂಸ್ ಹೋಗಿತ್ತು. ಅಷ್ಟೇ ಆಂಪಿನ ಇನ್ನೊಂದು ಹಾಕಿದೆ, ಅದೂ ಸುಟ್ಟಿತು. ಎಸಿ ಬಂದ್ ಮಾಡಿ, ಮುಳ್ಳಿನ ಮೇಲೆ ಕಣ್ಣಿಟ್ಟು, ನಡುವೆ ಎರಡು ಸಲ ನಿಲ್ಲಿಸಿ ಇಳಕಲ್ ಸೇರಿದ್ವಿ.

ಬಾಗಲಕೋಟೆಗೆ ವಾಪಸ್ ಬಂದಮೇಲೆ, ಡ್ಯಾಶ್‌ಬೋರ್ಡಿನಲ್ಲಿ ಐದು ವರ್ಷದಿಂದ ಮಲಗಿದ್ದ ಮ್ಯಾನ್ಯುಅಲ್ ತೆಗೆದೆ. ವಕೀಲರು ಬರೆದಂಥ ಗದ್ಯ, ಮಾತೆತ್ತಿದರೆ 'ಡೀಲರನ್ನು ಸಂಪರ್ಕಿಸಿ'. ಆದರೂ ಬಿಸಿ ರೇಡಿಯೇಟರ್ ತೆರೆಯಬೇಡಿ ಅನ್ನೋದು ದಪ್ಪ ಅಕ್ಷರದಲ್ಲಿದೆ, ಟರ್ಮಿನಲ್ ನೋಡಿ ಅನ್ನೋದೂ ಇದೆ. ನಾನು ನೋಡಿದ ಎಲ್ಲ ವಿಡಿಯೋಗಳಿಗಿಂತ ಈ ನೀರಸ ಪುಸ್ತಕಕ್ಕೇ ನನ್ನ ಓಟು.

ಅದರಲ್ಲೂ ಇಲ್ಲದ್ದು ಇಳಕಲ್ಲಿನ ಮಿಸ್ತ್ರಿ ಹತ್ತಿರ ಇತ್ತು. ಅವರು ಬಾನೆಟ್ ಕೂಡ ಎತ್ತದೆ ಕೇಳಿದ್ದು ಇಷ್ಟೇ: "ಓಡೂಮುಂದ ಕಾಯ್ತಿತ್ತೇನ್ರಿ, ನಿಂತಾಗ ಕಾಯ್ತಿತ್ತೇನ್ರಿ?"

"ನಿಧಾನ ಆದಾಗ, ನಿಂತಾಗ ಅಷ್ಟೇ."

"ಹಂಗಾರ ಫ್ಯಾನಿಂದ ತ್ರಾಸು. ಜೋರ್ ಹೋಗೂಮುಂದ ಗಾಳಿನ ತಣ್ಣಗ ಮಾಡತೈತಿ." ಬಿಚ್ಚಿ ನೋಡಿದರೆ ಫ್ಯಾನ್ ಮೋಟರ್ ಬೇರಿಂಗ್ ಜಾಮ್ ಆಗಿತ್ತು. ಎರಡೂ ಫ್ಯೂಸ್ ಸುಟ್ಟಿದ್ದು ಅದಕ್ಕೇ.