ಬೆಂತರದ ಒಡಲು: ನಮ್ಮ ಕಾವ್ಯಗಳಲ್ಲಿ ರಕ್ತಪಾಯಿಗಳ ದೇಹಧರ್ಮ

ಇಂಗ್ಲಿಷಿನ ‘ವ್ಯಾಂಪೈರ್’ ಎಂಬ ಮಾತಿಗೆ ನಮ್ಮಲ್ಲಿ ‘ಬೇತಾಳ’ವೆಂದೂ ‘ರಕ್ತಪಿಶಾಚಿ’ಯೆಂದೂ ಅರ್ಥಹೇಳುವುದುಂಟು. ರಿಚರ್ಡ್ ಬರ್ಟನ್ ೧೮೭೦ರಲ್ಲಿ ವಿಕ್ರಮ ಬೇತಾಳರ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಗ್ರಂಥದ ಹೆಸರಿನಲ್ಲಿಯೇ ಬೇತಾಳವನ್ನು ವ್ಯಾಂಪೈರ್ ಎಂದು ಕರೆದನು. ಎರಡು ಶಬ್ದಗಳೂ ಒಂದೇ ವಸ್ತುವನ್ನು ಹೇಳುವುವೆಂಬ ಭಾವನೆಗೆ ಇದರಿಂದ ಆಸ್ಪದವಾಯಿತು. ಈ ಸಮೀಕರಣವು ಸರಿಯೆ? ಇದು ನಿಘಂಟಿನ ಪ್ರಶ್ನೆ ಮಾತ್ರವಾಗಿದ್ದರೆ ಇಷ್ಟು ವಿಚಾರ ಬೇಕಾಗಿರಲಿಲ್ಲ. ಆದರೆ ಕನ್ನಡದ ಒಂದು ಶ್ರೇಷ್ಠ ಕಾವ್ಯದ, ಜನ್ನನ ಯಶೋಧರ ಚರಿತೆಯ, ನ್ಯಾಯಾನ್ಯಾಯವಿಚಾರವು ಇದನ್ನೇ ಅವಲಂಬಿಸಿದೆಯೆಂದು ನಮಗೆ ತೋರುವುದರಿಂದ ಇಲ್ಲಿ ಸ್ವಲ್ಪ ವಿವೇಚನೆ ಮಾಡಲಾಗಿದೆ.

ಮೊದಲು ಪಾಶ್ಚಾತ್ಯರ ಕಲ್ಪನೆಯನ್ನು ನೋಡೋಣ. ಪಾಲಿಡೋರಿಯ ೧೮೧೯ರ ಕಥೆಯಲ್ಲಿ ಸತ್ತ ರಕ್ತಪಾಯಿಗೆ ಬೆಳುದಿಂಗಳು ಸೋಕಿ ಮರಳಿ ಜೀವ ಬರುವುದು. ಬ್ರಾಮ್ ಸ್ಟೋಕರನ ೧೮೯೭ರ ‘ಡ್ರಾಕುಲಾ’ದಲ್ಲಿ ಅದು ರಕ್ತವನ್ನು ಕುಡಿದಂತೆ ಯೌವನವನ್ನು ಪಡೆಯುವುದು, ಕನ್ನಡಿಯಲ್ಲಿ ಕಾಣದು, ಮನೆಯವರೊಬ್ಬರು ಕರೆಯದೆ ಹೊಸ್ತಿಲನ್ನು ದಾಟಲಾರದು. ಹಗಲಿನಲ್ಲಿ ಅದರ ಶಕ್ತಿ ಕುಂದುವುದೇ ಹೊರತು ಬಿಸಿಲಿಗೆ ಅದು ಸಾಯುವುದಿಲ್ಲ. ಬಿಸಿಲಿನಿಂದ ಮರಣವೆಂಬ ನಿಯಮವು ೧೯೨೨ರ ‘ನೊಸ್ಫೆರಾಟು’ ಎಂಬ ಜರ್ಮನ್ ಚಲನಚಿತ್ರದಿಂದ ಬಂದದ್ದು. ಹೀಗೆ ನಿಯಮಗಳು ಕೃತಿಯಿಂದ ಕೃತಿಗೆ ಬದಲಾದರೂ ಒಂದಂಶವು ಎಲ್ಲದರಲ್ಲಿಯೂ ಸ್ಥಿರವಾಗಿದೆ: ಆ ದೇಹವು ಅದರದೇ ದೇಹ, ಅದರ ಹಸಿವು ಅದರದೇ ಹಸಿವು. ಸತ್ತ ಒಡಲು ಪರರ ರಕ್ತದಿಂದ ಹೇಗೆ ಬಾಳುವುದೆಂಬುದೇ ಅಲ್ಲಿಯ ಸಮಸ್ಯೆ.

ಇಂತಹ ದೇಹಗಳನ್ನು ಪ್ರಕೃತಿಯ ನಿಯಮಗಳಿಂದ ಅಳೆಯುವುದು ವ್ಯರ್ಥವೆಂಬುದನ್ನು ಹೇಳಬೇಕಾಗಿಲ್ಲ. ಅಳೆಯಬೇಕಾದುದು ಕವಿಯು ತಾನೇ ವಿಧಿಸಿಕೊಂಡ ನಿಯಮದಿಂದ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಪ್ರತಿಪಾದಿಸಿದವನು. ಬೃಹತ್ಕಥಾಮಂಜರಿಯಲ್ಲಿ ಬೇತಾಳನ ಕಥೆಗಳನ್ನು ಹೇಳಿದವನೂ ಅವನೇ. ಅದ್ಭುತಕ್ಕೂ ಔಚಿತ್ಯದ ಕಟ್ಟು ಉಂಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅವನ ಸಮಕಾಲೀನನಾದ ಸೋಮದೇವನ ಕಥಾಸರಿತ್ಸಾಗರದಲ್ಲಿ ಪ್ರತಿಷ್ಠಾನದ ಅರಸನು ಶಿಂಶಪಾವೃಕ್ಷದಿಂದ ಇಳಿಸಿ ಹೆಗಲ ಮೇಲೆ ಹೊರುವುದು ಯಾರೋ ಒಬ್ಬನ ಹೆಣವನ್ನು. ಬೇತಾಳವು ಆ ಹೆಣದ ಬಾಯಿಂದ ಕಥೆ ಹೇಳುವುದು. ಅರಸನು ಮೌನ ಮುರಿದೊಡನೆ ಹೆಣವು ಮತ್ತೆ ಮರಕ್ಕೆ ಹೋಗುವುದು. ಈ ಯಂತ್ರವನ್ನು ನಡೆಸುವುದು ರಕ್ತವಲ್ಲ, ಮಾತು. ಬೇತಾಳಕ್ಕೆ ಸ್ವಂತ ಒಡಲಿಲ್ಲ. ಅದು ಬಾಡಿಗೆಯ ಮನೆಯಲ್ಲಿರುವ ಒಕ್ಕಲು.

ಇದು ಸಂಸ್ಕೃತ ಕವಿಗಳ ಕಲ್ಪನೆ ಮಾತ್ರವೆಂದು ತಿಳಿಯಲಾಗದು. ಕೊಪ್ಪಳ ಸೀಮೆಯಲ್ಲಿ, ಯಲಬುರ್ಗಾ ತಾಲ್ಲೂಕಿನ ಬೇವೂರಿನಂತಹ ಹಳ್ಳಿಗಳ ಬಳಕೆಯ ಮಾತನ್ನು ಗಮನಿಸಿದರೆ ಅದೇ ಭಾವನೆ ಕಾಣುವುದು. ‘ಗಾಳಿ ಸೋಕಿತು’, ‘ದೆವ್ವ ಬಡಿಯಿತು’, ‘ಮೈಮೇಲೆ ಬಂತು’: ಈ ನುಡಿಗಟ್ಟುಗಳಲ್ಲಿ ದೆವ್ವವೆಂಬುದು ಗಾಳಿ, ಮೈ ಮನುಷ್ಯನದು. ಊರಿನ ಹೆಸರಿನಲ್ಲಿಯೇ ಇರುವ ಬೇವಿನ ಸೊಪ್ಪಿನಿಂದ ದೆವ್ವವನ್ನು ಬಿಡಿಸುವ ರೂಢಿಯು ನಮ್ಮ ನಾಡಿನಲ್ಲಿ ಅನೇಕ ಕಡೆ ಉಂಟಷ್ಟೆ. ಸೊಪ್ಪಿನ ಏಟು ಬೀಳುವುದು ಮನುಷ್ಯನ ಬೆನ್ನಿಗೆ. ನೊಂದು ಕೂಗುವುದು ದೆವ್ವವೆಂದು ನಂಬಿಕೆ. ಏಟು ಯಾರಿಗೆ, ನೋವು ಯಾರಿಗೆ ಎಂಬ ಈ ತೊಡಕನ್ನು ವಾಚಕರು ನೆನಪಿನಲ್ಲಿಡಬೇಕು. ಜನ್ನನಲ್ಲಿ ಇದೇ ಮುಖ್ಯ ಪ್ರಶ್ನೆಯಾಗುವುದು.

ಅದಕ್ಕೆ ಮೊದಲು ರನ್ನನ ಮರುಳುಗಳನ್ನು ನೋಡಬೇಕು. ಹತ್ತನೆಯ ಶತಮಾನದ ಕೊನೆಯ ಈ ಕವಿಯ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳನ್ನು ತುಳಿಯುತ್ತ, ರಕ್ತದಲ್ಲಿ ಜಾರುತ್ತ ಕುರುಕ್ಷೇತ್ರವನ್ನು ಹಾಯುವಾಗ ಮರುಳುಗಳು ಅವನನ್ನು ಹಂಗಿಸುವುವು. ಇವಕ್ಕೆ ಒಡಲೂ ಉಂಟು, ಹಸಿವೂ ಉಂಟು. ಮೇಲ್ನೋಟಕ್ಕೆ ಪಾಶ್ಚಾತ್ಯ ರಕ್ತಪಾಯಿಯ ನೆಂಟರೇ ಸರಿ. ಆದರೆ ಇವು ಯಾರನ್ನೂ ಕೊಲ್ಲುವುದಿಲ್ಲ. ಮನುಷ್ಯರು ಕೊಂದು ಚೆಲ್ಲಿದುದನ್ನು ಉಣ್ಣುವುವು. ಕುಲವನ್ನೆಲ್ಲ ಬಲಿಗೊಟ್ಟವನ ಮುಂದೆ ನಿಂತು, ಮರುಳು ತಾವೋ ಅವನೋ ಎಂದು ಕೇಳುವ ಅಧಿಕಾರವು ಅವಕ್ಕೆ ಇದರಿಂದಲೇ ಬಂದಿತು. ‘ಮರುಳ್’ ಎಂಬ ಶಬ್ದದಲ್ಲಿ ಪಿಶಾಚಿಯೂ ಹುಚ್ಚೂ ಒಂದಾಗಿರುವುದನ್ನು ರನ್ನನು ಚೆನ್ನಾಗಿ ಬಳಸಿಕೊಂಡಿದ್ದಾನೆ. ಅಷ್ಟೇ ಅಲ್ಲ, ಆ ಯುದ್ಧದಲ್ಲಿ ಜೀವಂತ ಎದೆಯನ್ನು ಬಗೆದು ರಕ್ತವನ್ನು ಕುಡಿದವನು ಕಾವ್ಯದ ನಾಯಕನಾದ ಭೀಮನು. ಅವನನ್ನು ಕುಡಿಸಿದುದು ಹಸಿವಲ್ಲ, ಪ್ರತಿಜ್ಞೆ.

ಇನ್ನು ಜನ್ನನ ಯಶೋಧರ ಚರಿತೆ. ಇದರ ಕಾಲ ೧೨೦೯. ಹೆಂಡತಿಯ ದ್ರೋಹವನ್ನು ಕಂಡ ಯಶೋಧರನು ಅದನ್ನು ಕೆಟ್ಟ ಕನಸೆಂದು ತಾಯಿಗೆ ಹೇಳುವನು. ಶಾಂತಿಗಾಗಿ ಬಲಿಯನ್ನು ಕೊಡೆಂದು ಚಂದ್ರಮತಿಯು ಒತ್ತಾಯಪಡಿಸುವಳು. ಜೀವಹಿಂಸೆಗೆ ಹೇಸಿದ ಅರಸನು ಕಡೆಗೆ ಹಿಟ್ಟಿನ ಕೋಳಿಗೆ ಒಪ್ಪುವನು. ಕೋಳಿಯ ರೂಪು ಅತಿ ಸೊಗಸಾಗಿದ್ದುದರಿಂದ ಬೆಂತರವೊಂದು ಅದನ್ನು ಹೊಕ್ಕಿತು. ಕತ್ತಿ ಬಿದ್ದೊಡನೆ ಕೋಳಿ ಕೂಗಿತು. ಇಷ್ಟರ ಫಲವಾಗಿ ತಾಯಿಮಕ್ಕಳು ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲಿದರು.

ಹಿಟ್ಟನ್ನು ಕತ್ತರಿಸಿದವನಿಗೆ ಇಷ್ಟು ದಂಡನೆಯೆ ಎಂಬುದು ಈ ಕಾವ್ಯವನ್ನು ಓದುವವರಿಗೆಲ್ಲ ಏಳುವ ಆಕ್ಷೇಪ. ಬೆಂತರವು ಒಳಗಿದ್ದು ಕೂಗಿದುದರಿಂದ ನಿಜವಾದ ಕೊಲೆಯೇ ನಡೆಯಿತೆಂದು ಸಮಾಧಾನ ಹೇಳಬಹುದೆಂದು ಮೊದಲಿಗೆ ತೋರುವುದು. ಈ ಸಮಾಧಾನವು ನಿಲ್ಲತಕ್ಕದ್ದಲ್ಲ. ‘ಬೆಂತರ’ವೆಂಬುದು ‘ವ್ಯಂತರ’ದ ತದ್ಭವ. ಜೈನಾಗಮದಲ್ಲಿ ವ್ಯಂತರರು ದೇವತೆಗಳ ಒಂದು ವರ್ಗ. ಕಿನ್ನರ, ಯಕ್ಷ, ಭೂತ, ಪಿಶಾಚಾದಿ ಎಂಟು ಭೇದಗಳು ಅವರಲ್ಲಿವೆ. ಅವರದು ಇಚ್ಛೆಯಂತೆ ರೂಪತಾಳುವ ವೈಕ್ರಿಯಿಕ ಶರೀರ. ನಮ್ಮಂತೆ ತುತ್ತನ್ನುಂಡು ಅವರು ಬಾಳುವುದಿಲ್ಲ, ಅವರದು ಮಾನಸಾಹಾರ. ಅವರ ಆಯುಸ್ಸನ್ನು ಶಸ್ತ್ರವು ನಡುವೆ ಕಡಿಯಲಾರದೆಂಬುದೂ ತತ್ತ್ವಾರ್ಥಸೂತ್ರದಿಂದ ತಿಳಿದುಬರುವುದು. ಹೀಗಿರಲು ಈ ಬೆಂತರವು ರಕ್ತವನ್ನು ಬಯಸಿ ಬಂದುದಲ್ಲ. ಹಿಟ್ಟಿನಲ್ಲಿ ರಕ್ತವೇ ಇಲ್ಲ. ಕತ್ತಿಯಿಂದ ಅದು ಸತ್ತುದೂ ಇಲ್ಲ. ಅಂದಮೇಲೆ ಆ ಗುಡಿಯಲ್ಲಿ ಹತವಾದ ಪ್ರಾಣಿ ಒಂದೂ ಇಲ್ಲ.

ಜನ್ನನ ಕಟ್ಟು ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಕೊಲೆಯಿಂದ ಕೊಲ್ಲಲ್ಪಟ್ಟವನನ್ನು ಪೂರ್ಣವಾಗಿ ತೆಗೆದುಹಾಕಿದರೆ ಉಳಿಯುವುದು ಕೊಲ್ಲುವ ಸಂಕಲ್ಪವೊಂದೇ. ದ್ರವ್ಯಹಿಂಸೆಯಿಲ್ಲದ ಭಾವಹಿಂಸೆಯನ್ನು ಪ್ರತ್ಯಕ್ಷ ತೋರಿಸುವುದಕ್ಕೆ ಕವಿಗೆ ರಕ್ತವಿಲ್ಲದ ಒಡಲು ಬೇಕಾಗಿತ್ತು. ಆ ಸಂಕಲ್ಪವು ಕೇಳಿಸುವಂತೆ ಮಾಡಲು ಒಂದು ದನಿ ಬೇಕಾಗಿತ್ತು. ಬೆಂತರವು ಆ ದನಿಯನ್ನು ಕೊಟ್ಟಿತು. ಬೇವಿನ ಏಟಿಗೆ ಕೂಗುವ ದೆವ್ವದ ತೊಡಕು ಇಲ್ಲಿ ತಲೆಕೆಳಗಾಗಿದೆ: ಕೂಗಿದುದು ಬೆಂತರ, ಏಟು ಬಿದ್ದುದು ಅರಸನಿಗೆ. ಕಡೆಯ ಪ್ರಾಣಿಜನ್ಮದಲ್ಲಿ ತಾಯಿಮಕ್ಕಳು ರಕ್ತಮಾಂಸಗಳ ಕೋಳಿಗಳಾಗಿ, ಧರ್ಮಶ್ರವಣದಿಂದ ಹಿಗ್ಗಿ ಕೂಗಿದಾಗ, ಆ ದನಿಯನ್ನೇ ಗುರಿಯಾಗಿಸಿ ಯಶೋಮತಿಯು ಬಾಣಬಿಟ್ಟನು. ಮೊದಲ ಕೂಗಿಗೆ ಎರಡನೆಯ ಕೂಗು ಎದುರಾಗಿ ನಿಂತು ಲೆಕ್ಕವು ಮುಗಿಯುವುದು. ಪವಾಡವೆಂದು ತೋರಿದುದು ನಿಯಮವಾಗಿ ಪರಿಣಮಿಸಿತು.

ಆದರೂ ಒಂದು ಕಡೆ ಕಟ್ಟು ಬಿಗಿದಂತಿದೆ. ಬೆಂತರವನ್ನು ಸೆಳೆದುದು ಕೋಳಿಯ ಅಂದ. ಅರಸನ ಸಂಕಲ್ಪವೇ ಪಾಪಕ್ಕೆ ಸಾಕಾಗಿದ್ದರೆ, ಕೈಚಳಕವನ್ನು ತೋರಿದ ಶಿಲ್ಪಿಗೆ ಈ ಲೆಕ್ಕದಲ್ಲಿ ಯಾವ ಸ್ಥಾನ? ಕವಿ ಉತ್ತರ ಹೇಳುವುದಿಲ್ಲ. ಅಂದವಾದ ರೂಪಿನೊಳಗೆ ಏನು ಬಂದು ಸೇರುವುದೆಂಬುದು ಮಾಡಿದವನ ಕೈಯಲ್ಲಿಲ್ಲವೆಂಬ ಶಂಕೆಯು ಜನ್ನನಿಗೂ ಇದ್ದಿರಬಹುದು. ಇಪ್ಪತ್ತನೆಯ ಶತಮಾನದಲ್ಲಿ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕಕ್ಕೆ ಈ ವಸ್ತುವನ್ನೇ ಆರಿಸಿದರು. ಪ್ರಶ್ನೆಯು ಇನ್ನೂ ಜೀವಂತವಾಗಿರುವುದಕ್ಕೆ ಇದು ಸಾಕ್ಷಿ.

ಬೇವೂರಿಗೆ ದೂರವಲ್ಲದ ಕೊಪ್ಪಳವು ಕವಿರಾಜಮಾರ್ಗವು ಹೆಸರಿಸಿರುವ ಕೊಪಣನಗರ, ಜೈನರ ಮಹಾತೀರ್ಥ. ಆಹಾರವನ್ನು ತೊರೆದು ಒಡಲನ್ನು ಬಿಟ್ಟವರ ನಿಸಿದಿಶಾಸನಗಳು ಅಲ್ಲಿವೆ. ಪರರ ರಕ್ತದಿಂದ ಒಡಲನ್ನು ಉಳಿಸಿಕೊಳ್ಳುವುದು ಒಂದು ತುದಿಯಾದರೆ ಇದು ಮತ್ತೊಂದು ತುದಿ. ಇಂತಹ ನೆಲದ ಸಾಹಿತ್ಯವನ್ನು ಬೋಧಿಸುವಾಗ ಮರುಳು ಬೆಂತರಗಳ ಪದ್ಯಗಳನ್ನು ‘ಬೀಭತ್ಸ’ವೆಂದೋ ‘ಅದ್ಭುತ’ವೆಂದೋ ಹೆಸರಿಟ್ಟು ಮುಂದೆ ಸಾಗುವ ವಾಡಿಕೆಯನ್ನು ಬಿಡುವುದು ಲೇಸು. ಆ ಒಡಲು ಯಾರದು, ಹಸಿವು ಯಾರದು, ಕೂಗಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಟ್ಟರೆ ಕಾವ್ಯವು ತಾನಾಗಿಯೇ ತೆರೆದುಕೊಳ್ಳುವುದು. ‘ವ್ಯಾಂಪೈರ್’ ಎಂಬುದನ್ನು ಬೇಕಾದರೆ ರಕ್ತಪಿಶಾಚಿಯೆನ್ನೋಣ. ಬೇತಾಳವೂ ಬೆಂತರವೂ ಅದರ ಪರ್ಯಾಯಗಳಲ್ಲ.