ಉತ್ತರ ಬೇಡ, ಸಾಕೋ ಸಾಲದೋ ಹೇಳಿ

ಲೆಕ್ಕ ಬಿಡಿಸಬೇಡಿ, ಬಿಡಿಸಲು ಕೊಟ್ಟ ಮಾಹಿತಿ ಸಾಕೋ ಸಾಲದೋ ಅಷ್ಟೇ ಹೇಳಿ ಎನ್ನುವ ಪ್ರಶ್ನೆಗಳಿಗೆ ಡೇಟಾ ಸಫಿಶಿಯೆನ್ಸಿ ಎಂದು ಹೆಸರು. ಬ್ಯಾಂಕ್ ಪರೀಕ್ಷೆಗಳಲ್ಲಿ ಬರುತ್ತವೆ, 2011ರಿಂದ ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಿಸ್ಯಾಟ್ ಪಠ್ಯಕ್ರಮದಲ್ಲೂ ಇವೆ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಬಾಯಿಪಾಠಕ್ಕೆ ಬಗ್ಗದ ಪ್ರಶ್ನೆ ಯಾವುದೆಂದರೆ ನಾನು ಇದನ್ನೇ ತೋರಿಸುತ್ತೇನೆ. ಆದರೆ ನಮ್ಮ ರಾಯಚೂರು ಜಿಲ್ಲೆಯ ಪೋತ್ನಾಳ, ಮಾನ್ವಿ, ದೇವದುರ್ಗದ ಕಡೆಯಿಂದ ಧಾರವಾಡಕ್ಕೆ ಕೋಚಿಂಗ್‌ಗೆ ಹೋಗುವ ಹುಡುಗರ ಕೈಗೆ ಇದು ಮತ್ತೊಂದು ಬಾಯಿಪಾಠವಾಗಿಯೇ ಸಿಗುತ್ತಿದೆ.

ಒಂದು ಲೆಕ್ಕ ನೋಡಿ. ಪೋತ್ನಾಳದ ಅಂಗಡಿಯೊಂದರಲ್ಲಿ ಹುಡುಗಿ 7 ರೂಪಾಯಿಯ ಕೆಲವು ಪೆನ್ನು, 11 ರೂಪಾಯಿಯ ಕೆಲವು ನೋಟ್‌ಬುಕ್ ಕೊಂಡಳು. ಪೆನ್ನು ಎಷ್ಟು? ಹೇಳಿಕೆ 1: ಒಟ್ಟು ಖರ್ಚು 50 ರೂಪಾಯಿ. ಹೇಳಿಕೆ 2: ಪೆನ್ನು, ನೋಟ್‌ಬುಕ್ ಸೇರಿ 6. ‘ಎರಡು ಚರಾಕ್ಷರಕ್ಕೆ ಎರಡು ಸಮೀಕರಣ’ ಎಂಬ ಶಾರ್ಟ್‌ಕಟ್ ಕಲಿತವರು ‘ಎರಡೂ ಸೇರಿದರೆ ಸಾಕು’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ತಪ್ಪು. ಅರ್ಧ ಪೆನ್ನನ್ನು ಯಾರೂ ಮಾರುವುದಿಲ್ಲ. ನೋಟ್‌ಬುಕ್ ಒಂದಾದರೆ 39 ರೂಪಾಯಿ ಉಳಿಯುತ್ತದೆ, 7ರಿಂದ ಭಾಗವಾಗದು. ಎರಡಾದರೆ 28 ಉಳಿದು 4 ಪೆನ್ನು ಬರುತ್ತವೆ. ಮೂರಾದರೆ 17, ನಾಲ್ಕಾದರೆ 6, ಎರಡೂ ಹೊಂದುವುದಿಲ್ಲ. ಮೊದಲ ಹೇಳಿಕೆಯೊಂದೇ ಸಾಕು. ಎರಡನೆಯದು ನಿಜ, ಆದರೆ ಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧವೂ ಉಂಟು. ಒಂದೇ ಸಮೀಕರಣವನ್ನು ಎರಡರಿಂದ ಗುಣಿಸಿ ಎರಡನೆಯ ಹೇಳಿಕೆಯಾಗಿ ಕೊಟ್ಟಿರುತ್ತಾರೆ. ಕಣ್ಣಿಗೆ ಎರಡು, ಹುರುಳಲ್ಲಿ ಒಂದೇ. ಸಂಖ್ಯೆಯ ವರ್ಗ 9 ಎಂದೊಡನೆ 3 ಎಂದು ಬರೆದು ಮೈನಸ್ 3 ಮರೆತವರಂತೂ ಬಹಳ. ಇಲ್ಲಿ ಬೇಕಾದದ್ದು ಹತ್ತನೇ ತರಗತಿಯ ಬೀಜಗಣಿತವೇ. ಅದರ ಮೇಲೆ ಒಂದು ವಿವೇಚನೆ ಬೇಕು, ಅದನ್ನು ಸೂತ್ರವಾಗಿ ಹಂಚಲಾಗದು. 2023ರಲ್ಲಿ ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್ ಹೊಸ ರೂಪ ಪಡೆದಾಗ ಈ ಪ್ರಶ್ನೆಗಳನ್ನು ಗಣಿತ ವಿಭಾಗದಿಂದ ತೆಗೆದು ದತ್ತಾಂಶ ವಿಶ್ಲೇಷಣೆಯ ವಿಭಾಗಕ್ಕೆ ಸೇರಿಸಿದ್ದು ನನಗೆ ಸರಿಯೆನಿಸುತ್ತದೆ.

ಹೀಗೆ ವಿವೇಚಿಸಲು ಸಮಯವೆಲ್ಲಿದೆ ಎಂದು ಕೇಳಬಹುದು. ಸಮಯದ ಒತ್ತಡ ನಿಜ. ಸಿಸ್ಯಾಟ್‌ನಲ್ಲಿ ಎರಡು ಗಂಟೆಗೆ 80 ಪ್ರಶ್ನೆ, ತಪ್ಪಿಗೆ ಮೂರನೇ ಒಂದು ಪಾಲು ಅಂಕ ಕಡಿತ. ಆದರೂ ನನ್ನ ದೊಡ್ಡ ತಕರಾರು ಭಾಷೆಯದು. ಈ ಪ್ರಶ್ನೆಯ ಜೀವವೆಲ್ಲ ‘ಮಾತ್ರ’, ‘ಒಂದೇ’, ‘ಎರಡೂ ಸೇರಿ’ ಎಂಬ ಪದಗಳಲ್ಲಿದೆ. ಯುಪಿಎಸ್‌ಸಿ ಪ್ರಿಲಿಮ್ಸ್ ಪತ್ರಿಕೆ ಇಂಗ್ಲಿಷ್, ಹಿಂದಿ ಬಿಟ್ಟು ಬೇರೆ ಭಾಷೆಯಲ್ಲಿ ಬರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಗಣಿತಕ್ಕೆ ಮೊದಲು ವಾಕ್ಯವನ್ನೇ ಬಿಡಿಸಬೇಕು. ಗ್ರಾಮೀಣ ಬ್ಯಾಂಕ್ ಪರೀಕ್ಷೆಗಳು 2019ರಿಂದ ಕನ್ನಡದಲ್ಲೂ ಬಂದವು, ಒಳ್ಳೆಯದಾಯಿತು. ಕನ್ನಡದಲ್ಲಿ ಕೊಟ್ಟರಷ್ಟೇ ಸಾಲದು ಎಂಬುದನ್ನು ಅನುವಾದದ ತಪ್ಪುಗಳಿಂದಾಗಿ 2024ರ ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಗಿ ಬಂದ ಕೆಎಎಸ್ ಪೂರ್ವಭಾವಿ ಪರೀಕ್ಷೆ ತೋರಿಸಿತು. ಬೇರೆ ಪ್ರಶ್ನೆಯಲ್ಲಿ ಒಂದು ಪದ ಜಾರಿದರೆ ಊಹಿಸಿ ದಾಟಬಹುದು. ಇಲ್ಲಿ ‘ಮಾತ್ರ’ ಬಿಟ್ಟುಹೋದರೆ ಸರಿಯುತ್ತರವೇ ಬದಲಾಗುತ್ತದೆ.

ನಮ್ಮ ಕಡೆಯ ಹೈಸ್ಕೂಲು ಗಣಿತ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಹತ್ತನೇ ತರಗತಿಗೆ ಸಮೀಕರಣಗಳ ಜೋಡಿ ಕಲಿಸುವಾಗ, ಆದೇಶ ವಿಧಾನಕ್ಕೋ ವರ್ಜಿಸುವ ವಿಧಾನಕ್ಕೋ ಕೈ ಹಾಕುವ ಮೊದಲು, ‘ಇಷ್ಟು ಮಾಹಿತಿ ಸಾಕೇನ್ರಪ್ಪಾ?’ ಎಂದು ಮಕ್ಕಳನ್ನು ಒಮ್ಮೆ ಕೇಳಿ, ಅವರು ಯೋಚಿಸಲು ಸಮಯ ಕೊಡಿ.